ಕುಡಿಯದೆ ಕೆಳಗಿಟ್ಟ ಗಾವಾ

1986ರ ಮಾರ್ಚ್ 8, ಶನಿವಾರ, ಬೆಳಿಗ್ಗೆ ಆರೂವರೆ. ಜಿಜಾನ್ ಪಟ್ಟಣದಿಂದ ಪೂರ್ವಕ್ಕೆ, ಬೆಟ್ಟಗಳ ದಿಕ್ಕಿನಲ್ಲಿ ಒಂದು ಗಂಟೆ ದೂರದಲ್ಲಿದ್ದ ನಮ್ಮ ರಸ್ತೆ ಕಾಮಗಾರಿಯ ಕ್ಯಾಂಪ್ ಆಫೀಸಿನಲ್ಲಿ ಮೂವರಿದ್ದೆವು. ಒಬ್ಬರು ಯುರೋಪಿನಿಂದ ಬಂದಿದ್ದ ಪ್ರಾಜೆಕ್ಟ್ ಮ್ಯಾನೇಜರ್. ಇನ್ನೊಬ್ಬ ಬಂಟ್ವಾಳ ಕಡೆಯ ಹಮೀದ್. ಸರಕಾರಿ ಕಚೇರಿಗಳ ಓಡಾಟವೆಲ್ಲ ಅವನದು, ಅರಬ್ಬಿಯನ್ನು ಅಲ್ಲಿಯವರಂತೆಯೇ ಮಾತಾಡುತ್ತಿದ್ದ. ಮೂರನೆಯವನು ಪರ್ಸೊನೆಲ್ ಆಫೀಸರ್ ಆಗಿದ್ದ ನಾನು. ಆಳುಗಳ ಹಾಜರಿ, ರಜೆ, ಕಾಯಿಲೆ, ಜಗಳ, ಊರಿನ ಸಾವುನೋವಿನ ಸುದ್ದಿ ಎಲ್ಲವೂ ನನ್ನ ಮೇಜಿಗೆ ಬರುತ್ತಿದ್ದವು.

ಮ್ಯಾನೇಜರ್ ನಿಂತುಕೊಂಡೇ ಮಾತಾಡಿದರು. "ಪರಿಹಾರದ ಮೊತ್ತ ಏರಿಸಲು ನಿನಗೆ ಅಧಿಕಾರ ಕೊಟ್ಟಿದ್ದೇನೆ. ಯಂತ್ರ ಮಾತ್ರ ಒಂದು ಗಂಟೆಗೂ ಕೊಡುವಂತಿಲ್ಲ. ಊಟದ ಹೊತ್ತಿಗೆ ವಾಪಸು ಬಾ."

ಸಂಗತಿ ಇಷ್ಟು. ಆ ಸೀಮೆಯಲ್ಲಿ ಹೊಳೆಗಳು ವರ್ಷದ ಬಹುಪಾಲು ಒಣಗಿರುತ್ತವೆ. ಅಂಥ ಹೊಳೆಗೆ ವಾದಿ ಎನ್ನುತ್ತಾರೆ. ಬೆಟ್ಟದ ಮೇಲೆ ಮಳೆ ಬಿದ್ದರೆ ಕೆಲವೇ ಗಂಟೆಗಳಲ್ಲಿ ಕೆಂಪು ನೀರು ನುಗ್ಗಿ ಬಂದು ಅಷ್ಟೇ ಬೇಗ ಸಮುದ್ರದ ಕಡೆ ಇಳಿದುಹೋಗುತ್ತದೆ. ಆ ನೀರನ್ನು ಹಿಡಿದು ಹೊಲಗಳಿಗೆ ತಿರುಗಿಸಲು ರೈತರು ಹೊಳೆಯ ಪಾತ್ರದಲ್ಲಿ ಓರೆಯಾಗಿ ಮಣ್ಣಿನ ಬದು ಕಟ್ಟುತ್ತಾರೆ. ವರ್ಷಕ್ಕೆ ಒಂದೆರಡು ಸಲ ಸಿಗುವ ಆ ನೀರಿನಿಂದಲೇ ಅವರ ಜೋಳ ಬೆಳೆಯಬೇಕು. ಬದು ನೋಡಲು ಏನೂ ಅಲ್ಲ. ಯಾರೋ ಲಾರಿಗಟ್ಟಲೆ ಮಣ್ಣು ಸುರಿದು ಮರೆತುಹೋದಂತೆ ಕಾಣುತ್ತದೆ.

ನಮ್ಮ ಕಂಪನಿ ಆ ವಾದಿಗೆ ಸೇತುವೆ ಕಟ್ಟುತ್ತಿತ್ತು. ಸೇತುವೆ ಮುಗಿಯುವವರೆಗೆ ಲಾರಿಗಳು ಓಡಾಡಲು ಹೊಳೆಯೊಳಗೆ ತಾತ್ಕಾಲಿಕ ದಾರಿ ಬೇಕಿತ್ತು. ಸರ್ವೆಯವರು ಗೂಟ ಹೊಡೆದರು. ಬುಲ್‌ಡೋಜರ್ ಆಪರೇಟರ್ ಸದಾನಂದ ಆ ಗೂಟಗಳ ನಡುವೆ ಯಂತ್ರ ಓಡಿಸಿದ. ದಾರಿ ಬದುವನ್ನು ಕಡಿದುಕೊಂಡು ಹೋಯಿತು. ಮರುದಿನ ಪೊಲೀಸರು ಬಂದು ಯಂತ್ರ ಓಡಿಸಿದವನು ಯಾರೆಂದು ಕೇಳಿದರು. ಗೂಟ ಹೊಡೆದವರು ಯಾರೆಂದು ಅವರು ಕೇಳಲಿಲ್ಲ, ನಮ್ಮವರು ಹೇಳಲೂ ಇಲ್ಲ. ಸದಾನಂದ ಲಾಕಪ್ಪಿಗೆ ಹೋದ.

ಸದಾನಂದ ಉಡುಪಿಯ ಹತ್ತಿರ ಕಟಪಾಡಿಯವನು. ಊರು ಬಿಟ್ಟು ಬಂದ ಮೇಲೆ ಹುಟ್ಟಿದ ಮಗಳನ್ನು ಅವನು ಇನ್ನೂ ನೋಡಿರಲಿಲ್ಲ. ಅವನ ರಜೆ ಎರಡು ಸಲ ಮಂಜೂರಾಗಿ, ಎರಡು ಸಲವೂ ಕೆಲಸದ ಒತ್ತಡವೆಂದು ಮುಂದೆ ಹೋಗಿತ್ತು. ಮೂರನೆಯ ಸಲ ಪಾಸ್‌ಪೋರ್ಟಿಗೆ ದೇಶ ಬಿಡಲು ಬೇಕಾದ ವೀಸಾ ಮುದ್ರೆ ಬಿದ್ದು, ಬರುವ ಬುಧವಾರದ ಟಿಕೆಟ್ ಕೂಡ ಕಂಪನಿಯ ತಿಜೋರಿಯಲ್ಲಿತ್ತು. ಠಾಣೆಯ ಅಧಿಕಾರಿ ಸಜ್ಜನ. ಅವರು ಹಮೀದನಿಗೆ ಸ್ಪಷ್ಟವಾಗಿ ಹೇಳಿದ್ದರು: "ಶನಿವಾರ ಸಂಜೆಯ ನಮಾಜಿನೊಳಗೆ ದೂರು ಕೊಟ್ಟವರು ಬಂದು ಹಿಂತೆಗೆದುಕೊಂಡರೆ ಸರಿ. ಇಲ್ಲವಾದರೆ ಮನುಷ್ಯನನ್ನೂ ಕೇಸನ್ನೂ ಜಿಜಾನಿನ ಕೋರ್ಟಿಗೆ ಕಳಿಸಬೇಕು. ಆಮೇಲೆ ಅದು ನನ್ನ ಕೈಯಲ್ಲೂ ಇಲ್ಲ, ಅವರ ಕೈಯಲ್ಲೂ ಇಲ್ಲ."

ದೂರು ಕೊಟ್ಟವರು ಶೇಖ್ ಯಹ್ಯಾ. ಬದುವಿನ ಕೆಳಗಿನ ಊರಿಗೆ ಹಿರಿಯರು. ಅವರ ಬಳಿಗೆ ನಾವು ಮೊದಲೇ ಎರಡು ಸಲ ಹೋಗಿಬಂದಿದ್ದೆವು. ಮೊದಲ ಸಲ ಮರ್ಯಾದೆಯಿಂದ ಕೂರಿಸಿ, ಬೊಂಬಾಯಿಯ ಅಕ್ಕಿಯ ಬಗ್ಗೆ, ನಮ್ಮ ಕಡೆಯ ಮಳೆಯ ಬಗ್ಗೆ ವಿಚಾರಿಸಿದರು. ನಾನು ಪರಿಹಾರದ ಮಾತೆತ್ತಿದ ಕೂಡಲೇ ಆಡುಗಳ ಕಾಯಿಲೆಯ ವಿಷಯಕ್ಕೆ ಹೊರಳಿದರು. ಮತ್ತೆ ಎತ್ತಿದೆ. ಮತ್ತೆ ಆಡುಗಳೇ ಬಂದವು. ಎರಡನೆಯ ಸಲ ಮನೆಯಲ್ಲಿದ್ದರೂ ನಮಗೆ ಕಾಣಿಸಿಕೊಳ್ಳಲಿಲ್ಲ. ಹಣದಿಂದ ಈ ಬೀಗ ತೆರೆಯುವುದಿಲ್ಲವೆಂದು ನಾನು ಮ್ಯಾನೇಜರಿಗೆ ಹೇಳಿದೆ. ಅವರು ಹಣದ ಮೊತ್ತ ಏರಿಸಿದರು.

ಹೋಗುವ ದಾರಿಯಲ್ಲಿ ಠಾಣೆಯ ಮುಂದೆ ಪಿಕಪ್ ನಿಲ್ಲಿಸಿ ಸದಾನಂದನನ್ನು ಕಂಡೆವು. ಗಡ್ಡ ಬೆಳೆದಿತ್ತು.

"ಹೇಗಿದ್ದಿ ಮಾರಾಯ?" ಎಂದು ಹಮೀದ್ ಕೇಳಿದ.

"ಊಟ ನಮ್ಮ ಮೆಸ್ಸಿಗಿಂತ ಒಳ್ಳೆದುಂಟು," ಎಂದ ಸದಾನಂದ. ನನ್ನ ಕಡೆ ತಿರುಗಿ, "ಸಾರ್, ಟಿಕೆಟ್ ಕ್ಯಾನ್ಸಲ್ ಮಾಡ್ಲಿಲ್ಲ ಅಲ್ವಾ?" ಎಂದು ಕೇಳಿದ.

"ಇಲ್ಲ."

"ಮಾಡ್ತಾರಾ?"

"ನೋಡುವ," ಎಂದೆ. ಹತ್ತಾರು ವರ್ಷ ಈ ಕೆಲಸ ಮಾಡಿದವನ ಬಾಯಿಗೆ ಇಂಥ ಹೊತ್ತಿನಲ್ಲಿ ಆ ಒಂದು ಪದವೇ ಬರುತ್ತದೆ. ಅವನು ತಲೆ ಅಲ್ಲಾಡಿಸಿದ. ಆ ಪದವನ್ನು ಅವನು ನನ್ನಿಂದ ಮೊದಲೂ ಕೇಳಿದ್ದ.

ಪಿಕಪ್ ಮತ್ತೆ ಹೊರಟಾಗ ಪೂರ್ವದ ಬೆಟ್ಟಗಳ ನೆತ್ತಿ ಮುಚ್ಚಿಹೋಗಿತ್ತು. ವಾರದಿಂದ ದಿನವೂ ಮೋಡ ಕಟ್ಟಿ ಚದುರುತ್ತಿತ್ತು. ಹಮೀದ್ ಗಾಜಿನಿಂದ ಬಗ್ಗಿ ನೋಡಿ, "ಇವತ್ತು ಬೀಳ್ತದೋ ಏನೋ," ಎಂದ. ನನಗೆ ಹಿಂದಿನ ರಾತ್ರಿ ಸರಿಯಾಗಿ ನಿದ್ರೆ ಬಂದಿರಲಿಲ್ಲ. ಮಾತಾಡುವ ಮನಸ್ಸಿರಲಿಲ್ಲ.

ಇಲ್ಲಿ ನನ್ನದೊಂದು ಖಾಸಗಿ ವಿಷಯ ಹೇಳಬೇಕು. ಅದು ಈಸ್ಟರ್ ಹಬ್ಬಕ್ಕೆ ಮೊದಲು ಬರುವ ತಪಸ್ಸಿನ ಕಾಲ. ಆ ದಿನಗಳಲ್ಲಿ ತನಗೆ ಇಷ್ಟವಾದ ಒಂದು ವಸ್ತುವನ್ನು ಬಿಡುವುದು ನಮ್ಮ ಕ್ರೈಸ್ತರಲ್ಲಿ ರೂಢಿ. ಮಂಗಳೂರಿನಲ್ಲಿ ಪಾದ್ರಿಗಳ ಬೋರ್ಡಿಂಗಿನಲ್ಲಿ, ಗಂಟೆ ಬಾರಿಸಿದಾಗ ಎದ್ದು ಗಂಟೆ ಬಾರಿಸಿದಾಗ ಮಲಗಿ ಬೆಳೆದ ನಾನು, ಅಂದಿನಿಂದಲೂ ಕಾಫಿ, ಚಹಾ ಎರಡನ್ನೂ ಬಿಡುತ್ತಿದ್ದೆ. ಸೌದಿಯಲ್ಲಿ ನಮ್ಮ ವ್ರತ, ಪ್ರಾರ್ಥನೆಗಳೆಲ್ಲ ಕೋಣೆಯ ಬಾಗಿಲೊಳಗೆ ಇರುತ್ತಿದ್ದವು. ಯಾರಾದರೂ ಕೇಳಿದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದೆ. ಹಮೀದ್ ಕೂಡ ಹಾಗೆಯೇ ನಂಬಿ, ಶೇಖ್ ಯಹ್ಯಾರ ಮನೆಗೆ ಮೊದಲ ಸಲ ಹೋದಾಗ ನನ್ನ ಪರವಾಗಿ ಹೊಟ್ಟೆನೋವಿನ ಕಾರಣ ಹೇಳಿ ಪಾರುಮಾಡಿದ್ದ.

ಈ ಸಲ ಅವನು ಪಿಕಪ್ಪನ್ನು ನೆರಳಿಗೆ ನಿಲ್ಲಿಸಲು ಹೋದ. ನಾನು ಒಬ್ಬನೇ ಒಳಗೆ ಹೋದೆ. ಉದ್ದದ ಚಾವಡಿ, ಗೋಡೆಗುಂಟ ಜಮಖಾನ, ಅದರ ಮೇಲೆ ಶೇಖ್ ಯಹ್ಯಾರ ತಮ್ಮಂದಿರು, ಅಳಿಯಂದಿರು, ನೆರೆಯ ರೈತರು. ಎಲ್ಲರೂ ಎದ್ದು ಕೈಕುಲುಕಿದರು. ನಾನು ಕುಳಿತ ಮೇಲೆ ಶೇಖ್ ಯಹ್ಯಾ ತಾವೇ ಹಿತ್ತಾಳೆಯ ಹೂಜಿ ಹಿಡಿದು ಬಂದು ಗಾವಾ ಬಗ್ಗಿಸಿಕೊಟ್ಟರು. ಗಾವಾ ಎಂದರೆ ಏಲಕ್ಕಿ ಹಾಕಿದ ಅವರ ಕಹಿ ಕಾಫಿ. ಕಿವಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಎರಡು ಗುಟುಕು. ಮನೆಯ ಹಿರಿಯರೇ ಕೊಟ್ಟದ್ದನ್ನು ಬೇಡವೆನ್ನಲು ಬಾಯಿ ಬರಲಿಲ್ಲ. ತೆಗೆದುಕೊಂಡೆ. ಕುಡಿಯಲಾರೆ. ಹಮೀದ್ ಬಂದ ಮೇಲೆ ಅವನೇ ಏನಾದರೂ ಹೇಳಲಿ ಎಂದುಕೊಂಡು ಬಟ್ಟಲನ್ನು ನನ್ನ ಮುಂದೆ ಜಮಖಾನದ ಮೇಲಿಟ್ಟೆ.

ಮಾತು ನಿಂತಿತು. ಹೂಜಿ ಹಿಡಿದ ಶೇಖರು ಪಕ್ಕದವನಿಗೆ ಬಗ್ಗಿಸಲಿಲ್ಲ. ಎಲ್ಲರ ಕಣ್ಣು ಆ ಬಟ್ಟಲಿನ ಮೇಲೆ.

ಅಷ್ಟರಲ್ಲಿ ಹಮೀದ್ ಚಪ್ಪಲಿ ಕಳಚಿ ಒಳಗೆ ಕಾಲಿಟ್ಟ. ನೆಲದ ಮೇಲಿನ ಬಟ್ಟಲನ್ನೂ ನನ್ನ ಮುಖವನ್ನೂ ನೋಡಿದ. ಪಕ್ಕಕ್ಕೆ ಬಂದು ಕೂತು, ತುಟಿ ಅಲ್ಲಾಡದ ಹಾಗೆ ಕನ್ನಡದಲ್ಲಿ ಹೇಳಿದ: "ಎಂತ ಮಾಡಿದ್ರಿ ಮಾರಾಯ್ರೆ! ಕುಡೀರಿ, ಬೇಗ ಕುಡೀರಿ." ಮರುಕ್ಷಣ ನನ್ನ ಮೊಣಕೈ ಹಿಡಿದ. "ಅಲ್ಲ ಅಲ್ಲ. ಮುಟ್ಟಬೇಡಿ. ಈಗ ಮುಟ್ಟಿದ್ರೆ ಎಲ್ಲ ಹಾಳು."

ಶೇಖರು ನಿಧಾನವಾಗಿ ನನ್ನ ಎದುರು ಕುಳಿತರು. "ನಿನ್ನ ಕೋರಿಕೆ ಏನು?" ಎಂದು ಕೇಳಿದರು.

ಹಮೀದ್ ಅನುವಾದ ಮಾಡುವ ನೆಪದಲ್ಲಿ ನನಗೆ ವಿವರಿಸಿದ. ಅವರ ಕುಲದಲ್ಲಿ ಅತಿಥಿ ಗಾವಾ ಕುಡಿಯದೆ ಕೆಳಗಿಟ್ಟರೆ, ಈ ಮನೆಯಿಂದ ನನಗೊಂದು ಆಗಬೇಕಾದ್ದಿದೆ, ಅದು ಆಗುವ ತನಕ ನಿಮ್ಮ ಉಪಚಾರ ಒಲ್ಲೆ ಎಂದರ್ಥ. ಯಜಮಾನ "ಕುಡಿ" ಎಂದರೆ ಕೋರಿಕೆ ನಡೆಸಿಕೊಟ್ಟಂತೆ. ಆಗುವುದಿಲ್ಲ ಎಂದರೆ ನೆಂಟರಿಷ್ಟರ ಮುಂದೆ ಅವನಿಗೇ ಅವಮಾನ. ದೊಡ್ಡ ಜಗಳಗಳಲ್ಲಿ, ಕುಲದ ಹಿರಿಯರು ಸೇರಿ ಬಂದಾಗ ಮಾತ್ರ ಹೀಗೆ ಮಾಡುತ್ತಾರಂತೆ. ನಾನು ಕಂಪನಿಯ ಒಬ್ಬ ನೌಕರ. ನಡೆಯಬಹುದಾದ ಅತಿ ಭಾರದ ನಡೆಯನ್ನು ಅರಿಯದೆ ನಡೆದುಬಿಟ್ಟಿದ್ದೆ.

"ನಿಮಗೆ ಗ್ಯಾಸ್ಟ್ರಿಕ್ ಅಂತ ಈಗ ಹೇಳ್ಲಿಕ್ಕೂ ಆಗುದಿಲ್ಲ," ಎಂದ ಹಮೀದ್.

"ಗ್ಯಾಸ್ಟ್ರಿಕ್ ಅಲ್ಲ ಹಮೀದ್. ನಮ್ಮ ಉಪವಾಸ."

ನಮ್ಮ ಕಡೆ ಕ್ರೈಸ್ತರನ್ನು ಕರೆಯುವ ತುಳು ಮಾತಿನಲ್ಲೇ ಅವನು ನನ್ನನ್ನು ಕರೆದ. "ಪೊರ್ಬುಲೆ, ಇಷ್ಟು ವರ್ಷ ಒಟ್ಟಿಗೆ ಉಂಡು ನನಗೂ ಹೇಳ್ಲಿಲ್ಲ ಅಲ್ವಾ! ಇರ್ಲಿ. ಎಂತ ಕೇಳುದು, ಅದನ್ನು ಹೇಳಿ. ಒಂದೇ ಕೇಳ್ಲಿಕ್ಕುಂಟು. ನೋಡಿ ಕೇಳಿ."

ಮ್ಯಾನೇಜರರ ಸೂಚನೆಯಂತೆ ನಾನು ಕೇಳಬೇಕಾಗಿದ್ದದ್ದು ದೂರು ಪೂರ್ತಿ ಬಿಡಿ, ಹಣ ತೆಗೆದುಕೊಳ್ಳಿ ಎಂದು. ಆದರೆ ಸುತ್ತ ಕುಳಿತವರನ್ನು ನೋಡಿದೆ. ಆ ಬದುವಿನ ನೀರು ಶೇಖರೊಬ್ಬರ ಹೊಲಕ್ಕೆ ಹೋಗುತ್ತಿರಲಿಲ್ಲ. ಅಲ್ಲಿದ್ದ ಅಷ್ಟೂ ಜನರ ಹೊಲಕ್ಕೆ ಸರದಿಯ ಮೇಲೆ ಹೋಗುತ್ತಿತ್ತು. ಅವರ ಪಾಲನ್ನೂ ಸೇರಿಸಿ ಬಿಟ್ಟುಕೊಡಿ ಎಂದು ನಾನು ಕೇಳಿದರೆ, ಶೇಖರು ಮರ್ಯಾದೆಗೆ ಕಟ್ಟುಬಿದ್ದು "ಕುಡಿ" ಎಂದಾರು. ನಾಳೆ ಇದೇ ಜನರ ಮುಂದೆ ಅವರು ತಲೆ ಎತ್ತುವಂತಿಲ್ಲ. ನಮ್ಮ ಲಾರಿಗಳೂ ನಾಳೆಯಿಂದ ಆ ಊರಿನ ಅಂಚಿನಲ್ಲಿ ನೆಮ್ಮದಿಯಿಂದ ಓಡಾಡುವಂತಿಲ್ಲ.

"ಬದು ಒಡೆದದ್ದು ಕಂಪನಿ," ಎಂದೆ. "ಕಂಪನಿಯ ಮೇಲಿನ ನಿಮ್ಮ ತಕರಾರು ಹಾಗೇ ಇರಲಿ. ಲಾಕಪ್ಪಿನಲ್ಲಿರುವವನು ಹೇಳಿದ ಕೆಲಸ ಮಾಡಿದವನು. ಬುಧವಾರ ಅವನು ಊರಿಗೆ ಹೋಗಬೇಕು. ಹುಟ್ಟಿದ ಮೇಲೆ ಮಗಳನ್ನು ನೋಡಿಲ್ಲ. ಅವನನ್ನು ನನಗೆ ಕೊಡಿ. ಬೇರೇನೂ ಕೇಳುವುದಿಲ್ಲ."

ಹಮೀದ್ ಅದನ್ನು ಅರಬ್ಬಿಯಲ್ಲಿ ಹೇಳಿದ. ನಾನು ಆಡಿದ್ದಕ್ಕಿಂತ ಉದ್ದವಾಗಿಯೇ ಹೇಳಿದ. ಒಬ್ಬ ನಡುವಯಸ್ಸಿನ ರೈತ ಸಿಟ್ಟಿನಿಂದ, "ಅವನು ಹೋದರೆ ಕಂಪನಿ ನಮ್ಮ ಕಡೆ ತಿರುಗಿ ನೋಡುತ್ತದೆಯೇ?" ಎಂದ. ಅವನ ಮಾತು ತಪ್ಪಾಗಿರಲಿಲ್ಲ. ಶೇಖರು ಅವನಿಗೆ ಕೈ ತೋರಿಸಿ ಸುಮ್ಮನಿರಿಸಿ ನನ್ನನ್ನು ನೋಡಿದರು. "ಅವನ ಮೇಲೆ ನನಗೆ ಹಗೆ ಇಲ್ಲ. ಆದರೆ ನಿಮ್ಮದು ಅಂತ ನನ್ನ ಕೈಯಲ್ಲಿರುವುದು ಅವನೊಬ್ಬನೇ," ಎಂದರು. ಸುತ್ತ ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಕಡೆಗೆ, "ಕುಡಿ. ಅವನು ನಿನ್ನವನು," ಎಂದರು.

ನಾನು ಬಟ್ಟಲನ್ನೆತ್ತಿ ಕುಡಿದೆ. ಆ ವರ್ಷದ ವ್ರತ ಅಲ್ಲಿಗೆ ಮುರಿಯಿತು. ಅದರ ಬಗ್ಗೆ ನನಗೆ ಆಗಲೂ ಈಗಲೂ ದುಃಖವಿಲ್ಲ.

ಕುಡಿದ ಮೇಲೆ ಶೇಖರು ಷರತ್ತು ಹೇಳುತ್ತಾರೆಂದು ಕಾದೆ. ಅವರು ಹೇಳಲಿಲ್ಲ. ಹೂಜಿ ಮುಂದಕ್ಕೆ ಹೋಯಿತು, ಖರ್ಜೂರ ಬಂತು, ಬೆಟ್ಟದ ಮೋಡದ ಮಾತು ಬಂತು.

"ಬದುವಿನ ಮಾತು ಯಾಕೆ ಎತ್ತುವುದಿಲ್ಲ?" ಎಂದು ಹಮೀದನನ್ನು ಕೇಳಿದೆ.

"ಅವರು ಕೇಳುದಿಲ್ಲ ಸಾರ್. ಕೊಟ್ಟು ಆಯ್ತು, ಇನ್ನು ಕೇಳಿದ್ರೆ ವ್ಯಾಪಾರ ಆಗ್ತದೆ. ಇನ್ನು ಕೊಡ್ಬೇಕಾದ್ದು ನೀವು. ಕೇಳದೇ ಕೊಡ್ಬೇಕು."

ಅವರು ಕೂಗಾಡಿ ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಕೇಳಿ ಬರುತ್ತೇನೆ, ಮೇಲಿನವರಿಗೆ ತಿಳಿಸುತ್ತೇನೆ ಎಂದು ಎದ್ದುಬರಬಹುದಿತ್ತು. ಕೇಳದೆ ಕುಳಿತವರ ಮುಂದೆ ಆ ದಾರಿ ಇರಲಿಲ್ಲ. "ಇಂದು ಸಂಜೆ ನಮ್ಮ ಬುಲ್‌ಡೋಜರ್ ಬರುತ್ತದೆ. ಬದು ಏಳುವ ತನಕ ಇಲ್ಲೇ ಇರುತ್ತದೆ," ಎಂದೆ. ಕೊಡಬಾರದೆಂದು ಮ್ಯಾನೇಜರ್ ಬೆಳಿಗ್ಗೆ ಸ್ಪಷ್ಟವಾಗಿ ಹೇಳಿದ್ದ ವಸ್ತುವನ್ನೇ ಕೊಟ್ಟಿದ್ದೆ. ಶೇಖರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ಸದಾನಂದನ ಮೇಲಿನ ದೂರು ಹಿಂತೆಗೆಯಲು ಅಳಿಯನನ್ನು ಸಂಜೆ ಠಾಣೆಗೆ ಕಳಿಸುವುದಾಗಿ ಹೇಳಿದರು.

ವಾಪಸು ಬರುವಾಗ ವಾದಿಯಲ್ಲಿ ಆಡಿನ ಹಿಂಡೊಂದು ಅಡ್ಡ ಬಂತು. ಪಿಕಪ್ ನಿಂತಿತು. ನಾನು ಕಾಲು ಬಿಡಿಸಿಕೊಳ್ಳಲು ಇಳಿದೆ. ಮುಂದೆ ಮ್ಯಾನೇಜರರೊಡನೆ ಏನು ಹೇಳುವುದೆಂಬ ಯೋಚನೆಯಲ್ಲೇ ಕಡಿದ ಬದುವಿನ ಬಾಯಲ್ಲಿ ನಿಂತು ಹೊಳೆಯ ಕೆಳಗಡೆ ನೋಡಿದೆ. ನೇರ ಎದುರಿಗೆ, ನಡುವೆ ಏನೂ ಅಡ್ಡವಿಲ್ಲದೆ, ನಮ್ಮ ಸೇತುವೆಯ ಕಂಬಗಳಿಗಾಗಿ ತೋಡಿದ ಗುಂಡಿಗಳು, ಕಟ್ಟಿದ ಕಬ್ಬಿಣ, ಹಲಗೆಗಳು ಕಾಣುತ್ತಿದ್ದವು. ಬದು ಇದ್ದಾಗ ನೀರು ಬಲಕ್ಕೆ ಹೊರಳಿ ಹೊಲಗಳಿಗೆ ಹೋಗುತ್ತಿತ್ತು. ಈಗ ಬಂದರೆ ಸೀದಾ ನಮ್ಮ ಗುಂಡಿಗೆ.

ಮ್ಯಾನೇಜರ್ ಊಟದ ಮೇಜಿನಲ್ಲಿದ್ದರು. ಮನುಷ್ಯ ಸಿಕ್ಕಿದ ಎಂದಾಗ ಸಂತೋಷಪಟ್ಟರು. ಯಂತ್ರ ಕೊಟ್ಟೆ ಎಂದಾಗ ಫೋರ್ಕ್ ಕೆಳಗಿಟ್ಟರು.

"ಒಂದು ಕಪ್ ಕಾಫಿಗೆ ನನ್ನ ಬುಲ್‌ಡೋಜರ್ ಕೊಟ್ಟೆಯಾ?"

"ನಾನು ಕೊಟ್ಟದ್ದು ಮಾತು. ಯಂತ್ರ ನೀವೇ ಕೊಡಬೇಕು."

"ಕೊಡದಿದ್ದರೆ?"

"ಸಂಜೆಯ ಮಗ್ರಿಬ್ ನಮಾಜಿನ ಮೊದಲು ಅವರ ಅಳಿಯ ಠಾಣೆಗೆ ಬರುತ್ತಾರೆ. ಯಂತ್ರ ಬರಲಿ ಬಾರದಿರಲಿ, ಅವರು ದೂರು ಹಿಂತೆಗೆಯುತ್ತಾರೆ. ಆಮೇಲೆ ಆ ಊರಿಗೆ ನೀವೇ ಹೋಗಬೇಕು. ನಾನು ಹೋಗಲಾರೆ." ಇಷ್ಟು ಹೇಳಿ ಗೋಡೆಯ ಮೇಲಿದ್ದ ಸೇತುವೆಯ ನಕ್ಷೆಯಲ್ಲಿ ಬದು ಇದ್ದ ಜಾಗದಿಂದ ಗುಂಡಿಗಳವರೆಗೆ ಬೆರಳಿನಿಂದ ಗೆರೆ ಎಳೆದೆ.

ಅವರು ಎಂಜಿನಿಯರ್, ವಿವರಿಸಬೇಕಾಗಲಿಲ್ಲ. ಎದ್ದು ಕಿಟಕಿಯ ಬಳಿ ಹೋಗಿ ಬೆಟ್ಟಗಳನ್ನು ನೋಡಿದರು. ಕಾಮಗಾರಿ ತಡವಾದರೆ ದಿನದಿನಕ್ಕೂ ದಂಡ ಬೀಳುವ ಒಪ್ಪಂದ ಅವರ ತಲೆಯ ಮೇಲಿತ್ತು. ಅದನ್ನೂ ನಾನು ಬಲ್ಲೆ. "ನಾಳೆ ಮಧ್ಯಾಹ್ನದವರೆಗೆ. ಆಮೇಲೆ ಯಂತ್ರ ನನ್ನದು. ತಾತ್ಕಾಲಿಕ ದಾರಿಯನ್ನು ಕೆಳಗಿನಿಂದ ತಿರುಗಿಸುತ್ತೇನೆ," ಎಂದರು. ತಟ್ಟೆಯಲ್ಲಿದ್ದುದನ್ನು ಮತ್ತೆ ಮುಟ್ಟಲಿಲ್ಲ. ನನಗೂ ಊಟ ರುಚಿಸಲಿಲ್ಲ. ಒಂದೇ ದಿನ ಎರಡು ಕಡೆಯವರ ಮುಂದೆ ಕುಳಿತು ಮಾತಾಡುವುದರಲ್ಲಿ, ಎದುರಾಳಿಗಳಿಗಿಂತ ನಮ್ಮವರೇ ಹೆಚ್ಚು ದಣಿಸುತ್ತಾರೆ.

ಸಂಜೆ ಐದಕ್ಕೆ ಶೇಖ್ ಯಹ್ಯಾರ ಅಳಿಯ ಠಾಣೆಗೆ ಬಂದ. ಹೆಬ್ಬೆಟ್ಟೊತ್ತಿ, ಅಧಿಕಾರಿಯ ಕೈಕುಲುಕಿ, ಸದಾನಂದನ ಕೈಯನ್ನೂ ಕುಲುಕಿ ಹೊರಟುಹೋದ. ಯಂತ್ರದ ವಿಷಯ ಅವನೂ ಕೇಳಲಿಲ್ಲ. ಪಿಕಪ್ಪಿನಲ್ಲಿ ನಮ್ಮಿಬ್ಬರ ನಡುವೆ ಕುಳಿತ ಸದಾನಂದನಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೇರೆ ಆಪರೇಟರ್ ಇದ್ದದ್ದು ಜಿಜಾನ್ ಬಂದರಿನ ಕೆಲಸದಲ್ಲಿ. ಅವನು ಬರಬೇಕಾದರೆ ನಾಳೆಯಾಗುತ್ತಿತ್ತು.

"ಅಂದ್ರೆ ಲಾಕಪ್ಪಿಂದ ಸೀದಾ ಡ್ಯೂಟಿಗಾ ಸಾರ್?" ಎಂದ.

"ಸ್ನಾನಕ್ಕೆ ಬೇಕಾದ್ರೆ ಹತ್ತು ನಿಮಿಷ ತಕೋ," ಎಂದ ಹಮೀದ್. "ಈ ಗಡ್ಡದಲ್ಲಿ ನೀನು ಅವರದ್ದೇ ಜನ ಕಾಣ್ತಿ."

ವಾದಿಗೆ ತಲಪಿದಾಗ ಯಂತ್ರವನ್ನು ಟ್ರೇಲರಿನಿಂದ ಇಳಿಸಿ ಆಗಿತ್ತು. ಶೇಖರೂ ಊರಿನ ಕೆಲವರೂ ಉಳಿದ ಬದುವಿನ ಮೇಲೆ ಸಾಲಾಗಿ ಕುಳಿತಿದ್ದರು. ಬೆಟ್ಟದ ಕಡೆ ಮಿಂಚು ಶುರುವಾಗಿತ್ತು. ಸದಾನಂದ ಯಂತ್ರದ ಸುತ್ತ ಒಂದು ಸುತ್ತು ಬಂದು ಎಣ್ಣೆ ನೋಡಿದ. ಚಕ್ರಗಳನ್ನು ಸುತ್ತಿದ ಉಕ್ಕಿನ ಪಟ್ಟಿಯ ಮೇಲೆ ಕೈಯಿಟ್ಟು ನಿಂತ. ಹತ್ತಲಿಲ್ಲ.

"ಹತ್ತು ಮಾರಾಯ, ನೀರು ಬರ್ತದೆ," ಎಂದ ಹಮೀದ್.

"ಸಾರ್, ಒಂದು ಮಾತು," ಎಂದು ಸದಾನಂದ ನನ್ನ ಕಡೆ ತಿರುಗಿದ. "ಈ ಕೆಲಸ ಮುಗಿಯುವಾಗ ಇನ್ನೊಂದು ಬರ್ತದೆ. ಬುಧವಾರ ಹೋಗಿ ಶನಿವಾರ ಆಗ್ತದೆ. ಮತ್ತೆ ಅದೂ ಹೋಗ್ತದೆ. ಪಾಸ್‌ಪೋರ್ಟ್ ಮತ್ತೆ ಟಿಕೆಟ್ ನನ್ನ ಕೈಗೆ ಕೊಡಿ. ಆಮೇಲೆ ಹತ್ತುತ್ತೇನೆ."

"ಬುಧವಾರ ನೀನು ಹೋಗುತ್ತಿ. ನಾನು ಹೇಳುತ್ತಿದ್ದೇನಲ್ಲ. ನನ್ನ ಮೇಲೆ ನಂಬಿಕೆ ಇಲ್ಲವೇ?"

"ನಿಮ್ಮ ಮೇಲೆ ಉಂಟು ಸಾರ್. ಆದರೆ ನೀವು ಮ್ಯಾನೇಜರ್ ಅಲ್ವಲ್ಲ."

ಹಮೀದ್ ನಗಲು ಹೋಗಿ ನಿಲ್ಲಿಸಿದ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಶೇಖರು ನನ್ನ ಮಾತಿನ ಮೇಲೆ ಮನುಷ್ಯನನ್ನು ಬಿಟ್ಟುಕೊಟ್ಟಿದ್ದರು. ನನ್ನ ಮಾತಿಗೆ ಕಂಪನಿಯಲ್ಲಿ ಎಷ್ಟು ಬೆಲೆ ಎಂದು ಅವರಿಗೆ ತಿಳಿದಿರಲಿಲ್ಲ. ಸದಾನಂದನಿಗೆ ತಿಳಿದಿತ್ತು.

ಈಗ, ನಿವೃತ್ತಿಯ ನಂತರ, ಊರಿನಲ್ಲಿ ಸಹಕಾರಿ ಸಂಘದ ಚುನಾವಣೆಯಿಂದ ಹಿಡಿದು ಆಸ್ತಿಯ ಪಾಲಿನವರೆಗೆ ಜನ ನನ್ನನ್ನು ನಡುವೆ ಕೂರಿಸುತ್ತಾರೆ. ಸೌದಿಯಲ್ಲಿ ದೊಡ್ಡ ದೊಡ್ಡ ವ್ಯವಹಾರ ಕುದುರಿಸಿ ಬಂದವರು ಎಂದು ಪರಿಚಯಿಸುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ, ದಣಿವಾಗುತ್ತದೆ. ಕೆಲಸ ನನಗೆ ಕಲಿಸಿದ್ದು ಒಂದೇ. ಎದುರಿನವರಿಂದ ಏನು ಸಿಗಬಹುದು ಎಂದು ಲೆಕ್ಕ ಹಾಕುವ ಮೊದಲು, ಕೊಡಲು ನನ್ನ ಕೈಯಲ್ಲಿ ನಿಜವಾಗಿ ಏನಿದೆ ಎಂದು ನೋಡಿಕೊಳ್ಳಬೇಕು. ಆ ಸಂಜೆ ನನ್ನ ಕೈಯಲ್ಲಿದ್ದದ್ದು ತಿಜೋರಿಯ ಬೀಗದಕೈ.

ಆಗಿನ ಪದ್ಧತಿಯಂತೆ ಆಳುಗಳ ಪಾಸ್‌ಪೋರ್ಟ್ ಪ್ರಯಾಣದ ದಿನದವರೆಗೆ ಕಂಪನಿಯಲ್ಲೇ ಇರಬೇಕಿತ್ತು. ಹೊರಗೆ ಕೊಡಲು ಮ್ಯಾನೇಜರರ ಒಪ್ಪಿಗೆ ಬೇಕಿತ್ತು. ನಾನು ಕೇಳಲಿಲ್ಲ. ಹಮೀದನನ್ನು ಅಲ್ಲೇ ಬಿಟ್ಟು ಕ್ಯಾಂಪಿಗೆ ಹೋಗಿ, ತಿಜೋರಿ ತೆರೆದು ಎರಡನ್ನೂ ತೆಗೆದುಕೊಂಡು ಮರಳಿದೆ. ಕತ್ತಲಾಗುತ್ತಿತ್ತು. ಸದಾನಂದ ಪಿಕಪ್ಪಿನ ದೀಪದ ಮುಂದೆ ಬಗ್ಗಿ ಟಿಕೆಟ್ಟಿನ ತಾರೀಕು ನೋಡಿದ, ಪಾಸ್‌ಪೋರ್ಟಿನಲ್ಲಿ ವೀಸಾದ ಮುದ್ರೆಯ ಪುಟ ತೆಗೆದು ನೋಡಿದ. ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯ ಒಳಗೆ, ಬನಿಯನ್ನಿಗೆ ತಾಗುವಂತೆ ಇಟ್ಟುಕೊಂಡು ಮೇಲಿನವರೆಗೆ ಗುಂಡಿ ಹಾಕಿದ.

"ಸರಿ ಸಾರ್," ಎಂದು ಯಂತ್ರ ಹತ್ತಿದ.

ಬದುವಿನ ಮೇಲೆ ಕುಳಿತವರು ಎದ್ದು ದಾರಿ ಬಿಟ್ಟರು. ಅವನು ಮೊದಲ ಮಣ್ಣನ್ನು ತಂದು ಕಡಿದ ಬಾಯಿಗೆ ದೂಡುವುದನ್ನು ನೋಡಿ, ಮೆಸ್ಸಿನಿಂದ ಅವನಿಗೆ ಊಟ ಕಳಿಸುವಂತೆ ಹಮೀದನಿಗೆ ಹೇಳಿ, ಆ ದಿನದ ಕೆಲಸ ಮುಗಿಸಿದೆ.